ಚೀಲ ಸಂಖ್ಯೆ 3: ಏಳು ಗ್ರಾಂ ಉಳಿಸಲು ಹೋಗಿ

ನಾನು ಮನೆಯಲ್ಲಿ ಹೊಲಿದ ಮೂರನೆಯ ಬೆನ್ನುಚೀಲದ ಎಡ ಭುಜದ ಪಟ್ಟಿ ಮೂರು ಸಲ ಕಿತ್ತುಬಂತು. ಬಲಗಡೆಯದು ಒಂದು ಎಳೆಯೂ ಅಲುಗಲಿಲ್ಲ. ಎರಡನ್ನೂ ಹೊಲಿದವನು ನಾನೇ. ಒಂದೇ ಸಂಜೆ, ಒಂದೇ ಸೂಜಿ, ಒಂದೇ ಉಂಡೆ ದಾರ. ಆಗಸ್ಟ್‌ನಲ್ಲಿ ಹನ್ನೆರಡು ದಿನ ಶ್ರೀಲಂಕಾ ಸುತ್ತಿ ಬಂದದ್ದರ ಫಲವಾಗಿ ಆ ಪಟ್ಟಿ ಏಕೆ ಕಿತ್ತಿತೆಂಬುದು ಕೊನೆಗೂ ಗೊತ್ತಾಗಿದೆ. ಗೊತ್ತಾದ ರೀತಿ ಮಾತ್ರ ನನ್ನ ಮಾನಕ್ಕೆ ಅಷ್ಟು ಒಳ್ಳೆಯದಲ್ಲ.

ಬಟ್ಟೆ ಕತ್ತರಿಸುವುದು, ಸುರುಳಿ ಸುತ್ತಿ ಮುಚ್ಚುವ ಬಾಯಿ, ತಳದ ಮೂಲೆ ತಿರುಗಿಸುವುದು ಎಲ್ಲ ಹಿಂದೆ ಬರೆದ ಎರಡನೆಯ ಚೀಲದ ಹಾಗೆಯೇ, ಮತ್ತೆ ಬರೆಯುವುದಿಲ್ಲ. ಹಿಡಿಸುವುದು 36 ಲೀಟರ್. ಮೈಗೆ 210 ಡೆನಿಯರ್ (ಎಳೆ ಎಷ್ಟು ದಪ್ಪ ಎಂಬ ಅಳತೆ), ಹರಿದರೂ ಮುಂದಕ್ಕೆ ಸಾಗದಂತೆ ನೇಯ್ದ ರಿಪ್‌ಸ್ಟಾಪ್ ನೈಲಾನ್, ತಳಕ್ಕೆ 420. ಬೆನ್ನಿಗೆ ಜಾಲರಿ ಬಟ್ಟೆ. ಸೊಂಟಪಟ್ಟಿ ಇಲ್ಲ. ಖಾಲಿ ತೂಕ 612 ಗ್ರಾಂ. ಎರಡನೆಯ ಚೀಲ 790 ತೂಗುತ್ತಿತ್ತು. ಎಲ್ಲೆಲ್ಲಿ ಎಷ್ಟೆಷ್ಟು ಉಳಿಸಿದೆ ಎಂದು ಒಂದು ಪಟ್ಟಿ ಬರೆದಿಟ್ಟುಕೊಂಡಿದ್ದೆ, ನನ್ನಂತೆ ಚೀಲ ಹೊಲಿಯುವ ನಿಮ್ಮೆಲ್ಲರ ಹೊಟ್ಟೆ ಉರಿಸಬೇಕೆಂದು. ಆ ಪಟ್ಟಿಯ ನಾಲ್ಕನೆಯ ಸಾಲನ್ನು ಓದಿದರೆ ಈಗ ನಾಚಿಕೆಯಾಗುತ್ತದೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ದಾರದ ಗೋಳು ಹೇಳದೆ ಮುಂದೆ ಹೋಗಲಾರೆ. ಬಾಂಡೆಡ್ ನೈಲಾನ್, ಅಂದರೆ ಎಳೆಗಳನ್ನು ಒಂದಕ್ಕೊಂದು ಬೆಸೆದ ದಾರ ಎಂದು ಹೇಳಿ, ಅದಕ್ಕೆ ತಕ್ಕ ಬೆಲೆಯನ್ನೂ ವಸೂಲು ಮಾಡಿ ಅಂಗಡಿಯವರು ಕಳಿಸಿದ್ದು ಯಾವುದೋ ಮಾಮೂಲಿ ದಾರ. ತುದಿಯನ್ನು ಬೆರಳುಗಳ ನಡುವೆ ಹಿಮ್ಮುಖವಾಗಿ ಹೊಸೆದರೆ ಜಡೆ ಬಿಚ್ಚಿದಂತೆ ಮೂರು ಎಳೆಯಾಗಿ ಬಿಡಿಸಿಕೊಳ್ಳುತ್ತದೆ. ನಿಜವಾದ ಬಾಂಡೆಡ್ ದಾರ ಹಾಗೆ ಬಿಚ್ಚಿಕೊಳ್ಳುವುದಿಲ್ಲವೆಂದು ನಿಮಗೆ ಗೊತ್ತು. ನನಗೂ ಗೊತ್ತಿತ್ತು. ಹೊಸೆದು ನೋಡಿದ್ದು ಮಾತ್ರ ಶ್ರೀಲಂಕಾದ ಹಳೆಯ ರಾಜಧಾನಿ ಅನುರಾಧಪುರದಲ್ಲಿ, ಪಟ್ಟಿ ಕಿತ್ತ ಮೇಲೆ. ಅದೇ ಅಂಗಡಿಯಿಂದ ತರಿಸಿದ ಬಕಲ್‌ಗಳಲ್ಲಿ ಗಂಡು ಆರು, ಹೆಣ್ಣು ನಾಲ್ಕು. ಇಬ್ಬರು ಬ್ರಹ್ಮಚಾರಿಗಳು ಇಂದಿಗೂ ನನ್ನ ಸೂಜಿಡಬ್ಬಿಯಲ್ಲಿ ಕೂತಿದ್ದಾರೆ. ಫೋನ್ ಮಾಡಿದಾಗಲೆಲ್ಲ ಮುಂದಿನ ವಾರ ಕಳಿಸುತ್ತೇವೆ ಎನ್ನುತ್ತಾರೆ. ಇಂಥ ಮುಂದಿನ ವಾರಗಳು ಈಗಾಗಲೇ ಹದಿನೇಳು ಕಳೆದಿವೆ.

ಅನುರಾಧಪುರಕ್ಕೆ ಬರೋಣ. ಮೂರನೆಯ ದಿನ. ಬೆನ್ನಮೇಲೆ ನೀರು ಸೇರಿ ಎಂಟೂವರೆ ಕಿಲೋ. ಜೇತವನಾರಾಮದ ಸ್ತೂಪ ಕಟ್ಟಿದ ಕಾಲಕ್ಕೆ 122 ಮೀಟರ್ ಎತ್ತರವಿತ್ತಂತೆ. ಈಗ 71ರ ಆಸುಪಾಸು ಉಳಿದಿದ್ದರೂ ಬುಡದಲ್ಲಿ ನಿಂತವನಿಗೆ ಅದು ಇಟ್ಟಿಗೆಯ ಗುಡ್ಡವೇ. ಇಲ್ಲಿಯ ಪದ್ಧತಿ ನಿಮಗೆ ಗೊತ್ತಿರಬಹುದು: ಪ್ರತಿ ಸ್ತೂಪದಲ್ಲೂ ಚಪ್ಪಲಿ, ಟೋಪಿ ತೆಗೆಯಬೇಕು. ಮಧ್ಯಾಹ್ನದ ಕಲ್ಲುಹಾಸು ದೋಸೆಯ ಹೆಂಚಿನಂತೆ ಕಾದಿರುತ್ತದೆ. ಊರಿನ ಅಜ್ಜಿಯರು ಅದರ ಮೇಲೆ ನಿಧಾನವಾಗಿ ಹೂ ಹಿಡಿದು ನಡೆಯುತ್ತಿದ್ದರೆ, ನಾನು ನೆರಳಿನಿಂದ ನೆರಳಿಗೆ ಜಿಗಿಯುತ್ತಿದ್ದೆ. ಚಪ್ಪಲಿ ಕಳಚಲು ಚೀಲ ಇಳಿಸು, ಮತ್ತೆ ಏರಿಸು. ಪವಿತ್ರ ಅರಳಿಮರ ಮಹಾಬೋಧಿಯ ಬಳಿ ತಪಾಸಣೆಗೆ ಇಳಿಸು, ಮತ್ತೆ ಏರಿಸು. ಒಂದು ದಿನಕ್ಕೆ ಮೂವತ್ತು ಸಲವಾದರೂ ಆಗಿರಬೇಕು. ಈ ಇಳಿಸು ಏರಿಸುಗಳನ್ನು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.

ಸಂಜೆ ರುವನ್ವೆಲಿಸಾಯ ಸ್ತೂಪದ ಆನೆಗೋಡೆಯ ಪಕ್ಕ ಚೀಲ ಏರಿಸಿದಾಗ ಪಟಪಟನೆ ನಾಲ್ಕು ಹೊಲಿಗೆ ಹಾರಿದವು.

ಮೊದಲ ಅನುಮಾನ ದಾರದ ಮೇಲೆ, ಅದು ಸಹಜ. ಎರಡನೆಯದು ಉಪ್ಪಿನ ಮೇಲೆ. ಬೆವರು ಒಣಗಿ ಪಟ್ಟಿಯ ಮೇಲೆ ಬಿಳಿ ನಕಾಶೆಗಳೇ ಮೂಡಿದ್ದವು. ಆ ಹರಳುಗಳು ಎಳೆಗಳ ನಡುವೆ ಸೇರಿ ಉಜ್ಜುತ್ತವೆ. ಮೂರನೆಯದು ಬಿಸಿಲಿನ ಮೇಲೆ. ನಾಲ್ಕನೆಯದು ತೇವದ ಮೇಲೆ, ಏಕೆಂದರೆ ನೈಲಾನ್ ನೀರು ಕುಡಿದರೆ ಹಿಗ್ಗುತ್ತದೆ. ನಾಲ್ಕೂ ಒಳ್ಳೆಯ ಕಾರಣಗಳೇ. ಆದರೆ ಬಲಪಟ್ಟಿಯೂ ಅದೇ ಬಿಸಿಲಲ್ಲಿ ಅದೇ ಬೆವರು ಕುಡಿದಿತ್ತಲ್ಲ? ನೀರಿನ ಬಾಟಲಿ ಎಡಜೇಬಿನಲ್ಲಿತ್ತೆಂದು ಅದನ್ನು ಬಲಕ್ಕೆ ಬದಲಾಯಿಸಿದೆ. ಸಮಸ್ಯೆ ಮುಗಿಯಿತೆಂದುಕೊಂಡೆ.

ಅತಿಥಿಗೃಹದ ಯಜಮಾನಿ ಸಿಂಹಳದವರು. ಅವರನ್ನು ಅಕ್ಕ ಎಂದೇ ಕರೆದೆ. ಅವರ ಭಾಷೆಯಲ್ಲೂ ಅಕ್ಕನೆಂದರೆ ಅಕ್ಕನೇ. ಅವರಿಗೆ ನಾನು ಮಲ್ಲಿ, ಅಂದರೆ ತಮ್ಮ. ದಾರ ಬೇಕೆಂದು ಕೈಸನ್ನೆಯಲ್ಲಿ ತಿಣುಕಾಡುತ್ತಿದ್ದವನ ಬಾಯಿಂದ ಸುಮ್ಮನೆ ‘ನೂಲು’ ಎಂಬ ಮಾತು ಜಾರಿತು. ಅವರು ‘ಆ, ನೂಲ್!’ ಎಂದು ಒಳಗೆ ಹೋಗಿ ಡಬ್ಬಿಯನ್ನೇ ತಂದಿಟ್ಟರು. ಈ ಹವ್ಯಾಸದಲ್ಲಿ ಐದು ವರ್ಷದಿಂದ ಕಲಿತ ಇಂಗ್ಲಿಷ್ ಪದಗಳೆಲ್ಲ ಅವತ್ತು ದಂಡ. ಡಬ್ಬಿಯ ದಾರ ಮಾತ್ರ ರವಿಕೆಗೆ ಸರಿಹೋಗುವಂಥದ್ದು. ಹಾಗಾಗಿ ಹಳೆಯ ಉಪಾಯವನ್ನೇ ಹಿಡಿದೆ, ಹಲ್ಲಿನ ಸಂದಿ ಉಜ್ಜುವ ಫ್ಲಾಸ್ ದಾರ. ಕೈಹೊಲಿಗೆ ಹಾಕಿ ಮಲಗಿದೆ.

ಫ್ಲಾಸ್ ಗಟ್ಟಿಯೇನೋ ಹೌದು. ಆದರೆ ಅದಕ್ಕೆ ಮೇಣ ಸವರಿರುತ್ತದೆ, ಗಂಟು ಜಾರುತ್ತದೆ. ಜಾರಿದ್ದು ಸಿಗಿರಿಯಾದಲ್ಲಿ, ಸಿಂಹದ ಪಂಜಗಳ ಎದುರಿಗಿರುವ ಕಟ್ಟೆಯ ಮೇಲೆ, ವಿಶ್ರಾಂತಿಗೆಂದು ಇಳಿಸಿದ ಚೀಲವನ್ನು ಮತ್ತೆ ಹೆಗಲಿಗೇರಿಸುವಾಗ. ತಂದೆಯನ್ನು ಕೊಲ್ಲಿಸಿ ಸಿಂಹಾಸನ ಹಿಡಿದ ಕಾಶ್ಯಪ, ತಮ್ಮನಿಗೆ ಹೆದರಿ ಸುಮಾರು 200 ಮೀಟರ್ ಎತ್ತರದ ಈ ಬಂಡೆಯ ಮೇಲೆ ಅರಮನೆ ಕಟ್ಟಿಕೊಂಡು ಕ್ರಿ.ಶ. 477ರಿಂದ 495ರವರೆಗೆ ಆಳಿದ. ಅವನ ಏರ್ಪಾಡು ಹದಿನೆಂಟು ವರ್ಷ ತಡೆಯಿತು, ನನ್ನದು ಎರಡು ದಿನ. ಚೀಲವನ್ನು ಮಗುವಿನಂತೆ ತಬ್ಬಿಕೊಂಡು ಕಬ್ಬಿಣದ ಮೆಟ್ಟಿಲು ಹತ್ತಿದೆ. ಮೇಲಿನ ನೋಟ ಚೆನ್ನಾಗಿದೆ ಎನ್ನುತ್ತಾರೆ. ನಾನು ಬಹುಪಾಲು ಹೊಲಿಗೆಯನ್ನೇ ನೋಡುತ್ತಿದ್ದೆ.

ಬಾಟಲಿ ಈಗ ಬಲಗಡೆಯಿತ್ತು. ಆದರೂ ಕಿತ್ತದ್ದು ಎಡವೇ.

ಮರುದಿನ ಪೇಟೆಯಲ್ಲಿ ಒಬ್ಬ ದರ್ಜಿಗೆ ಕೊಟ್ಟೆ. ಗಟ್ಟಿಯಾಗಿ ಹಾಕಿ ಎಂದೆ. ಇದು ನಾನು ಮಾಡಿದ ಎರಡನೆಯ ದೊಡ್ಡ ತಪ್ಪು. ಅವರು ಪಾಪ ಹೇಳಿದಂತೆ ಗಟ್ಟಿಯಾಗಿಯೇ ಹಾಕಿದರು. ಒಂದರ ಮೇಲೊಂದು ಐದು ಸಾಲು, ಒಂದು ಮಿಲಿಮೀಟರಿಗೊಂದು ಹೊಲಿಗೆ. 210ರ ಬಟ್ಟೆಗೆ ಅಷ್ಟು ಒತ್ತಾಗಿ ಸೂಜಿ ಹೊಡೆದರೆ ಏನಾಗುತ್ತದೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಅಂಚೆಚೀಟಿಯ ಹಾಳೆ! ದಾರ ಉಳಿಯುತ್ತದೆ, ಬಟ್ಟೆ ತೂತಿನ ಸಾಲಿನಗುಂಟ ಹರಿಯುತ್ತದೆ. ಅಂಗಡಿಯಲ್ಲಿ ನಿಂತು ನೋಡುತ್ತಿದ್ದರೂ ಮೂರೂವರೆ ಮಿಲಿಮೀಟರಿಗೆ ಹಾಕಿ ಎಂದು ಹೇಳಲು ಬಾಯಿ ಬರಲಿಲ್ಲ. ಅಷ್ಟು ಅಚ್ಚುಕಟ್ಟಾಗಿ ಹೊಲಿಯುತ್ತಿದ್ದವರ ಕೈ ತಡೆಯುವುದು ಹೇಗೆ?

ಪೊಲೊನ್ನರುವದಲ್ಲಿ ಬಾಡಿಗೆ ಸೈಕಲ್ ಹಿಡಿದಾಗ ಪೋಲೆಂಡಿನ ಒಬ್ಬಳು ಜೊತೆಯಾದಳು. ಆಸ್ಪತ್ರೆಯಲ್ಲಿ ದಾದಿ. ಇಬ್ಬರೂ ಶಿವ ದೇವಾಲಯದ ಮುಂದೆ ಬೇಲದ ಹಣ್ಣಿನ ಪಾನಕ ಕುಡಿದೆವು. ಚೋಳರ ಕಾಲದ ಪುಟ್ಟ ಕಲ್ಲುಗುಡಿ ಅದು, ವಾನವನ್ ಮಾದೇವಿ ಈಶ್ವರಂ. ಕೋಲಾರಮ್ಮನ ಗುಡಿ ಕಂಡವರಿಗೆ ಗೋಡೆಯ ಕಂಬಗಳೆಲ್ಲ ಮನೆಯವರಂತೆ ಕಾಣುತ್ತವೆ. ಆಮೇಲೆ ಗಲ್ ವಿಹಾರ. ಒಂದೇ ಬಂಡೆಯಲ್ಲಿ ನಾಲ್ಕು ಮೂರ್ತಿಗಳು, ಕೊನೆಯದು 14 ಮೀಟರ್ ಉದ್ದದ ಮಲಗಿದ ಬುದ್ಧ. ಎಲ್ಲರೂ ಮುಖ ನೋಡುತ್ತಾರೆ. ನೀವು ದಿಂಬನ್ನು ನೋಡಿ. ತಲೆ ಊರಿದ ಕಡೆ ದಿಂಬು ಕುಸಿದಿದೆ, ಕಲ್ಲಿನ ದಿಂಬು! 12ನೆಯ ಶತಮಾನದ ಆ ಶಿಲ್ಪಿಗೆ ಭಾರ ಎಲ್ಲಿ ಬೀಳುತ್ತದೆಂಬುದು ಗೊತ್ತಿತ್ತು. ನೈಲಾನ್ ಹೊಲಿಯುವ ನನಗೆ ಗೊತ್ತಿರಲಿಲ್ಲ.

ಅವಳು ಅಲ್ಲಿ ತೆಗೆದ ವಿಡಿಯೊವನ್ನು ರಾತ್ರಿ ಕೊತ್ತು ರೊಟ್ಟಿ ತಿನ್ನುತ್ತ ತೋರಿಸಿದಳು. ಬುದ್ಧನ ಪಾದದ ಹಿಂದೆ, ಮೂಲೆಯಲ್ಲಿ, ನಾನು ಚೀಲ ಏರಿಸುತ್ತಿದ್ದೇನೆ. ‘ನೀನು ಎಡಚನೇ?’ ಎಂದು ಕೇಳಿದಳು. ಹೌದೆಂದೆ. ‘ನೆಲದಿಂದ ಎತ್ತುವಾಗ ಪ್ರತಿ ಸಲ ಎಡಪಟ್ಟಿಯನ್ನೇ ಹಿಡಿದು ಜಗ್ಗುತ್ತೀಯ. ಜಗ್ಗಿ, ಪಕ್ಕಕ್ಕೆ ಬೀಸಿ, ಮೊದಲು ಎಡತೋಳು ತೂರಿಸುತ್ತೀಯ. ರೋಗಿಯನ್ನು ಹೀಗೆ ಒಂದು ಕೈ ಹಿಡಿದು ಎತ್ತಿದರೆ ನನ್ನನ್ನು ಕೆಲಸದಿಂದ ತೆಗೆಯುತ್ತಾರೆ. ಎತ್ತಲು ಬೇರೆ ಹಿಡಿ ಇಲ್ಲವೇ?’

ಹಿಡಿ. ನನ್ನ ಪಟ್ಟಿಯ ನಾಲ್ಕನೆಯ ಸಾಲು: ‘ಮೇಲಿನ ಕೈಹಿಡಿ ಕೈಬಿಟ್ಟದ್ದು, ಉಳಿತಾಯ 7 ಗ್ರಾಂ.’

ಆ ಕ್ಷಣ ನನ್ನ ತಟ್ಟೆಯಲ್ಲಿದ್ದ ಕೊತ್ತು ರೊಟ್ಟಿಯೇ ಅರ್ಧ ಕಿಲೋ ಇತ್ತು.

ಹೀಗೆ ಯೋಚಿಸಿ. ಎರಡೂ ಪಟ್ಟಿಗಳ ಮೇಲ್ತುದಿಯನ್ನು ನಾನು ಬೆನ್ನಿನ ಬಟ್ಟೆಯ ಹೊರಮೈಗೆ ಇಟ್ಟು, ಚೌಕದೊಳಗೆ ಗುಣಾಕಾರದ ಚಿಹ್ನೆ ಬರುವಂತೆ ಹೊಲಿದಿದ್ದೆ. ನಡೆಯುವಾಗ ಭಾರ ಎರಡೂ ಕಡೆಗೆ ಹಂಚುವುದರಿಂದ ಅದು ಹೇಗೋ ತಡೆಯುತ್ತದೆ. ಆದರೆ ಒಂದೇ ಪಟ್ಟಿ ಹಿಡಿದು ಹೊರಮುಖವಾಗಿ ಜಗ್ಗಿದರೆ, ಹೊಲಿಗೆಯ ಚೌಕವನ್ನು ಅಂಚಿನಿಂದ ಸುಲಿದಂತೆ. ಹೊಲಿಗೆಯ ಉದ್ದಕ್ಕೆ ಎಳೆದರೆ ಎಲ್ಲ ಹೊಲಿಗೆಗಳೂ ಹೆಗಲು ಕೊಡುತ್ತವೆ. ಸುಲಿದರೆ ಮೊದಲನೆಯದೊಂದೇ ಎಲ್ಲವನ್ನೂ ಹೊರಬೇಕು. ಅದು ಹೋದರೆ ಎರಡನೆಯದು. ಬಾಳೆಹಣ್ಣಿನ ಸಿಪ್ಪೆಗೆ ಯಾರೂ ಬಲ ಹಾಕುವುದಿಲ್ಲವಲ್ಲ, ಹಾಗೆ. ಒಳ್ಳೆಯ ದಾರವಿದ್ದಿದ್ದರೆ ಹತ್ತು ದಿನ ತಡವಾಗಿ ಕೀಳುತ್ತಿತ್ತು, ಅಷ್ಟೇ. ಅಂಗಡಿಯವರನ್ನು ಇದಕ್ಕಾಗಿ ಕ್ಷಮಿಸಿದ್ದೇನೆಂದು ತಿಳಿಯಬೇಡಿ.

ಗೊತ್ತಾಗಿ ಏನು ಬಂತು, ತ್ರಿಕೋಣಮಲೆಯ ಬಸ್ಸಿನಲ್ಲಿ ಅಂಚೆಚೀಟಿ ಹರಿಯಿತು. ಚಾಲಕನ ಪಕ್ಕದ ಎಂಜಿನ್ ಮುಚ್ಚಳದ ಮೇಲೆ ಸಾಮಾನು ರಾಶಿ ಹಾಕಿದ್ದರು. ಇಳಿಯುವ ಅವಸರದಲ್ಲಿ ನಿರ್ವಾಹಕ ಚೀಲವನ್ನು ಎತ್ತಿ ಕೊಟ್ಟ. ಎಲ್ಲಿ ಹಿಡಿದು ಎಂದು ಹೇಳಬೇಕೇ? ಪಟ್ಟಿ ಅವನ ಕೈಯಲ್ಲಿ, ಚೀಲ ನನ್ನ ಕಾಲಮೇಲೆ.

ನಿಲಾವೆಳಿಯ ಕಡಲತೀರ ಆಗಸ್ಟ್‌ನಲ್ಲಿ ಕೆರೆಯಂತಿರುತ್ತದೆ. ನೈಋತ್ಯ ಮಳೆಗಾಲದ ಅಬ್ಬರವೆಲ್ಲ ಆಚೆ ದಂಡೆಗೆ. ಈಜಿದೆ, ಪಾರಿವಾಳ ದ್ವೀಪಕ್ಕೂ ಹೋಗಿ ಬಂದೆ, ಮೀನು ನೋಡಿದೆ. ಮುಖ್ಯವಾದದ್ದು ಅದಲ್ಲ. ದಡದಲ್ಲಿ ಬಲೆ ರಿಪೇರಿ ಮಾಡುತ್ತ ಕೂತಿದ್ದ ಮೀನುಗಾರರೊಬ್ಬರ ಜೊತೆ ನನ್ನ ಹಲಸೂರಿನ ತಮಿಳಿನಲ್ಲಿ ಮಾತಿಗಿಳಿದೆ. ನನ್ನ ತಮಿಳು ಕೇಳಿ ಅವರು ಮೊದಲು ಚೆನ್ನಾಗಿ ನಕ್ಕರು. ಆಮೇಲೆ ಚೀಲ ನೋಡಿದರು. ‘ತಂಬಿ, ಹರಿದ ಜಾಗಕ್ಕೇ ಮತ್ತೆ ಮತ್ತೆ ಹೊಲಿದಿದ್ದಾರಲ್ಲ?’ ಎಂದರು. ಕತ್ತರಿ ತೆಗೆದು ಆ ತೂತನ್ನು ಇನ್ನೂ ದೊಡ್ಡದು ಮಾಡಿದರು.

ನನ್ನ ಎದೆ ಧಸಕ್ಕೆಂದಿತು. ‘ಅಣ್ಣ!’ ಎಂದು ಕೂಗಿಯೇಬಿಟ್ಟೆ. ಅವರು ಬಲೆಯ ಕಡೆ ಕೈ ತೋರಿಸಿದರು. ಬಲೆ ಹರಿದಾಗಲೂ ಮೊದಲು ಜೊಳ್ಳಾದ ಕಣ್ಣುಗಳನ್ನೆಲ್ಲ ಕತ್ತರಿಸಿ, ಗಟ್ಟಿ ಗಂಟು ಸಿಕ್ಕಿದ ಮೇಲೆಯೇ ಅಲ್ಲಿಂದ ಹೆಣಿಗೆ ಶುರು. ಹಳೆಯ ಲೈಫ್ ಜಾಕೆಟ್‌ನಿಂದ ಅಂಗೈಗಿಂತ ದೊಡ್ಡದಾದ ಕಿತ್ತಳೆ ಬಣ್ಣದ ತುಂಡು ಕತ್ತರಿಸಿ ಒಳಮೈಗೆ ತೇಪೆ ಕೊಟ್ಟರು, ಅಂಚುಗಳು ಪೂರಾ ಗಟ್ಟಿ ಬಟ್ಟೆಯ ಮೇಲೆ ಕೂರುವಂತೆ. ನಾನು ಹೇಳಿದ್ದು ಒಂದೇ ಮಾತು: ಪಟ್ಟಿಯ ತುದಿಯನ್ನು ಹೊರಗೆ ಅಂಟಿಸುವುದು ಬೇಡ, ಸೀಳಿನೊಳಗಿಂದ ಒಳಕ್ಕೆ ತೂರಿಸಿ, ಕೆಳಮುಖವಾಗಿ ನಾಲ್ಕು ಬೆರಳು ಇಳಿಬಿಟ್ಟು ತೇಪೆಗೆ ಹೊಲಿಯೋಣ. ಈಗ ಪಟ್ಟಿಯನ್ನು ಹೇಗೆ ಜಗ್ಗಿದರೂ ಒಳಗಿನ ಹೊಲಿಗೆಗಳು ಉದ್ದಕ್ಕೆ ಎಳೆಯಲ್ಪಡುತ್ತವೆ, ಸುಲಿಯುವುದಿಲ್ಲ. ಅವರು ತಲೆಯಾಡಿಸಿ, ಬಲೆಯ ದಾರದಲ್ಲಿ, ಬಲು ದೂರದೂರದ ಹೊಲಿಗೆ ಹಾಕಿದರು. ಕೊನೆಗೆ, ಕೇಳದೆಯೇ, ಬಲೆಯ ಅಂಚಿನ ಹಗ್ಗದ ಒಂದು ತುಂಡನ್ನು ಎರಡೂ ಪಟ್ಟಿಗಳ ನಡುವೆ ಕೂರಿಸಿ ಹಿಡಿ ಮಾಡಿಕೊಟ್ಟರು. ಗಂಟು ಹಾಕಲಿಲ್ಲ, ತುದಿಯ ಎಳೆ ಬಿಡಿಸಿ ಹಗ್ಗದೊಳಗೇ ಹೆಣೆದರು. ಹಣ ತೆಗೆದುಕೊಳ್ಳಲಿಲ್ಲ. ಸೂಜಿಡಬ್ಬಿಯಿಂದ 18ನೆಯ ನಂಬರಿನ ಸೂಜಿಗಳ ಪೊಟ್ಟಣ ಕೊಟ್ಟೆ, ಅವರ ಹೆಂಡತಿಯ ಹೊಲಿಗೆ ಯಂತ್ರಕ್ಕೆ. ಬ್ರಹ್ಮಚಾರಿಗಳನ್ನೂ ಕೊಡಲು ನೋಡಿದೆ, ಬೇಡವೆಂದರು.

ಅಲ್ಲಿ ಒಣಹಾಕಿದ್ದ ಬಲೆಗಳನ್ನು ನೋಡುತ್ತಲೇ ನನ್ನ ನಾಲ್ಕನೆಯ ಹೊಲಿಗೆ ಕೆಲಸ, ಒಂದು ಡೇರೆ, ತಲೆ ಹೊಕ್ಕಿತು. ಎರಡು ಗೂಟಗಳ ನಡುವೆ ಹಗ್ಗ ತನ್ನ ಭಾರಕ್ಕೆ ತಾನೇ ಜೋತು ಒಂದು ಬಾಗು ಹಿಡಿಯುತ್ತದಲ್ಲ, ಒಂದೇ ಕೋಲಿನ ಡೇರೆಯ ಅಂಚನ್ನು ಆ ಬಾಗಿಗೆ ಕತ್ತರಿಸಿದರೆ ಗಾಳಿಗೆ ಪಟಪಟ ಹೊಡೆಯುವುದಿಲ್ಲ. ಹೆದ್ದಾರಿಯ ಪಕ್ಕದಲ್ಲೇ ಮನೆಯಿರುವ ನನಗೆ ಡೇರೆ ಯಾಕೆಂದು ಅಮ್ಮ ಕೇಳುತ್ತಾರೆ. ಡಿಸೆಂಬರಿನಲ್ಲಿ ಕುಮಟಾದಿಂದ ಗೋಕರ್ಣಕ್ಕೆ ಕಡಲಗುಂಟ ನಡೆಯುವ ಯೋಚನೆಯಿದೆ. 20 ಡೆನಿಯರ್ ಸಿಲಿಕೋನ್ ಲೇಪದ ನೈಲಾನ್ ಎಂಟು ಮೀಟರ್ ಬೇಕು. ಬೆಂಗಳೂರಿನಲ್ಲಿ ಯಾರ ಬಳಿಯಾದರೂ ಉಳಿದಿದ್ದರೆ ತಿಳಿಸಿ. ಮರಳಿಗೆ ಗೂಟ ನಿಲ್ಲುವುದಿಲ್ಲ, ಅದಕ್ಕೆ ಮರಳು ತುಂಬಿ ಹೂಳುವ ಸಣ್ಣ ಚೀಲಗಳನ್ನು ಈಗಲೇ ಕತ್ತರಿಸಿಟ್ಟಿದ್ದೇನೆ. ಡೇರೆಗಿಂತ ಮೊದಲು ಗೂಟ ಮಾಡಿದವನು ನಾನೊಬ್ಬನೇ ಇರಬೇಕು.

ಚೀಲ ಈಗ ಮನೆಯಲ್ಲಿದೆ. ತೊಟ್ಟಿಲಿನ ಕೊಂಡಿಗೆ ಎಡಪಟ್ಟಿಯೊಂದನ್ನೇ ಸಿಕ್ಕಿಸಿ, ಒಳಗೆ ಇಪ್ಪತ್ತು ಕಿಲೋ ಅಕ್ಕಿ ಹಾಕಿ ಐದು ದಿನವಾಯಿತು. ಒಂದು ಹೊಲಿಗೆಯೂ ಕದಲಿಲ್ಲ. ಬಲಪಟ್ಟಿಯನ್ನೂ ಬಿಚ್ಚಿ ಹಾಗೆಯೇ ಒಳಕ್ಕೆ ತೂರಿಸಬೇಕು, ಭಾನುವಾರ. ಹೊಸ ತೂಕ 651 ಗ್ರಾಂ. ಹಗ್ಗದ ಮೀನಿನ ವಾಸನೆ ಎರಡು ಸಲ ಒಗೆದರೂ ಹೋಗಿಲ್ಲವಾದ್ದರಿಂದ ಆ ಅಕ್ಕಿಯನ್ನು ಅಡುಗೆಗೆ ಬಳಸುವುದಿಲ್ಲವೆಂದು ಅಮ್ಮ ಹೇಳಿಯಾಗಿದೆ.