ಪ್ಲಾಟೊ ಮೆಟ್ಟಿಲು: ಎಸ್ ತಿರುವು ಕೊನೆಗೂ ಕೂತಿತು

ಕೂತಿತು ಕಣ್ರೀ! ಕೆನಡಾದ ಮಾಂಟ್ರಿಯಲ್‌ನ ಪ್ಲಾಟೊ-ಮೊಂ-ರುವಾಯಾಲ್ ಬಡಾವಣೆಯ ಮೂರಂತಸ್ತಿನ ಮನೆಯ ಪುಟ್ಟ ಮಾದರಿ, 1:48 ಅಳತೆ (ನಿಜದ 48ನೇ ಒಂದು ಭಾಗ). ಬೂದು ಸುಣ್ಣಕಲ್ಲಿನ ಮುಂಭಾಗ, ಕಿಟಕಿ, ಬಾಲ್ಕನಿ ಎಲ್ಲ ಎಂದಿನಂತೆ ಮುಗಿದವು. ತಲೆ ತಿಂದಿದ್ದು ಹೊರಗಿನ ಮೆಟ್ಟಿಲು.

19ನೇ ಶತಮಾನದ ಕೊನೆಯ ಹೊತ್ತಿಗೆ ಹಳ್ಳಿ ಬಿಟ್ಟು ಕಾರ್ಖಾನೆ ಕೆಲಸಕ್ಕೆ ಬಂದ ಫ್ರೆಂಚ್ ಮಾತಿನ ದೊಡ್ಡ ಸಂಸಾರಗಳಿಗೆ ಅಲ್ಲಿ ಮಹಡಿಗೊಂದು ಬಾಡಿಗೆ ಮನೆ ಬೇಕಿತ್ತು. ಮೆಟ್ಟಿಲು ಹೊರಗೆ ಹೋದರೆ ಒಳಗೆ ಜಾಗ ಉಳಿಯುತ್ತದೆ, ಚಳಿಯಲ್ಲಿ ಅಷ್ಟು ಜಾಗ ಬೆಚ್ಚಗಿಡುವ ಖರ್ಚೂ ಇಲ್ಲ. ಆದರೆ ಮನೆಗೂ ಫುಟ್‌ಪಾತ್‌ಗೂ ನಡುವೆ ಇರುವುದು ಅಂಗೈಯಗಲ ತೋಟ. ನೇರ ಮೆಟ್ಟಿಲು ಹಿಡಿಸುವುದಿಲ್ಲ, ಅದಕ್ಕೇ ತಿರುಚಿದರು. ಹಿಮ ಬಿದ್ದಾಗ ಹತ್ತುವವರ ಪಾಡು ಕೇಳಬೇಡಿ. 1940ರ ದಶಕದಲ್ಲಿ ನಗರಾಡಳಿತ ಹೊಸದಾಗಿ ಕಟ್ಟುವುದನ್ನೇ ನಿಷೇಧಿಸಿತು. ಈಗ ಪ್ರವಾಸಿಗರು ಅದನ್ನೇ ಹುಡುಕಿಕೊಂಡು ಹೋಗಿ ಫೋಟೋ ಹೊಡೆಯುತ್ತಾರೆ.

ಒಂದೇ ಕಡೆ ತಿರುಗುವ ಮೆಟ್ಟಿಲಾದರೆ ಸುಲಭ. ಮೆಟ್ಟಿಲ ಹಲಗೆಗಳನ್ನು ಎರಡೂ ಪಕ್ಕದಲ್ಲಿ ಹಿಡಿಯುವ ಪಟ್ಟಿಗಳಿಗೆ ನೇರ ಹಿತ್ತಾಳೆ ಪಟ್ಟಿಯನ್ನು ಕೊಳವೆಗೆ ಓರೆಯಾಗಿ ಸುತ್ತಿದರೆ ಆಯಿತು, ನಿಮಗೆ ಗೊತ್ತಿರೋದೇ. ಎಸ್ ಆಕಾರದಲ್ಲಿ ಹಾಗಲ್ಲ. ಎಡಪಟ್ಟಿ ಕೆಳಗಿನ ಅರ್ಧದಲ್ಲಿ ತಿರುವಿನ ಒಳಗಿರುತ್ತದೆ, ಮೇಲಿನ ಅರ್ಧದಲ್ಲಿ ಹೊರಗೆ. ನನ್ನ ಒಳತ್ರಿಜ್ಯ 12 ಮಿ.ಮೀ., ಹೊರಗಿನದು 32. ಕಾಲು ಸುತ್ತಿಗೆ 37 ಮಿ.ಮೀ. ಎತ್ತರ. ಅದನ್ನು ಒಳಗಡೆ 19 ಮಿ.ಮೀ. ದೂರದಲ್ಲೇ ಹತ್ತಬೇಕು, ಹೊರಗಡೆ 50ರಲ್ಲಿ. ನೇರ ಪಟ್ಟಿ ನಡುವೆ ಸೊಟ್ಟಗಾಗಿ ಮುರಿದ ಚಕ್ಕುಲಿಯಂತೆ ಕಾಣುತ್ತಿತ್ತು.

ಇದರ ಮೇಲೆ ಹಿತ್ತಾಳೆ ಅಂಗಡಿಯವರ ಕೃಪೆ. ಬಿಲ್‌ನಲ್ಲಿ ಮೆತ್ತಗಿನ ಶೀಟ್, ಪೊಟ್ಟಣದಲ್ಲಿ ಸ್ಪ್ರಿಂಗ್ ಥರ ಎಗರುವ ಮಾಲು. ಕೇಳಿದರೆ "ಕಾಯಿಸಿ ಮೆತ್ತಗೆ ಮಾಡಿಕೊಳ್ಳಿ ಸಾರ್" ಅಂತಾರೆ. ಗ್ಯಾಸ್ ದುಡ್ಡು ಯಾರು ಕೊಡೋದು?

ದಾರಿ ಸಿಕ್ಕಿದ್ದು ಕಾಗದದ ಮೇಲೆ. ಪಟ್ಟಿಯನ್ನು ಬಿಡಿಸಿ ಚಪ್ಪಟೆ ಹಾಸಿದಂತೆ ಗೀಚಿ ನೋಡಿ: ಮೊದಲು ಕಡಿದಾದ ಗೆರೆ, ಆಮೇಲೆ ಅಷ್ಟು ಕಡಿದಲ್ಲದ ಗೆರೆ, ನಡುವೆ ಒಂದು ಮಂಡಿ. ಆ ಮಂಡಿಯನ್ನು ಬಗ್ಗಿಸಿ ತರಲಾಗದು, ಶೀಟ್‌ನಿಂದ ಹಾಗೇ ಕತ್ತರಿಸಬೇಕು. ಇನ್ನೂ ಖುಷಿಯ ವಿಷಯ ಅಂದರೆ, ಅದೇ ತುಂಡನ್ನು ತಲೆಕೆಳಗು ಮಾಡಿದರೆ ಬಲಪಟ್ಟಿ! ಒಂದೇ ಟೆಂಪ್ಲೇಟ್ ಸಾಕು. ಮಂಡಿಯ ಮೂಲೆಯನ್ನು ಅರದಿಂದ ಸ್ವಲ್ಪ ದುಂಡಗೆ ಮಾಡಿ, ಒಂದು ಅರ್ಧವನ್ನು ಈ ಕಡೆಗೆ, ಇನ್ನೊಂದನ್ನು ಆ ಕಡೆಗೆ ಸುತ್ತಿ. ಹಿತ್ತಾಳೆ ತುಸು ಬಿಚ್ಚಿಕೊಳ್ಳುತ್ತದೆ, ಕೊಳವೆ ಒಂದು ಸೈಜ್ ಸಣ್ಣದಿರಲಿ.

ಮೆಟ್ಟಿಲ ಹಲಗೆಗಳಿಗೆ ಸೋಲ್ಡರ್ (ಬೆಸುಗೆ) ಬೇಡ. ಒಂದನ್ನು ಕೂರಿಸುವಾಗ ಬಿಸಿಗೆ ಪಕ್ಕದ್ದು ಕಳಚುತ್ತದೆ. ಅಲ್ಲಿನ ಎಷ್ಟೋ ಮನೆಗಳಲ್ಲಿ ಕಬ್ಬಿಣದ ಚೌಕಟ್ಟಿಗೆ ಮರದ ಹಲಗೆಯೇ ಇರುತ್ತದೆ. ನಾನೂ ತೆಳು ಮರ ಅಂಟಿಸಿದೆ.

ಕಂಬಿಗೆ ಬಣ್ಣ ಬಾಕಿ ಇದೆ, ಆದರೆ ಮನಸ್ಸು ಆಗಲೇ ಮುಂದಿನ ದೃಶ್ಯಕ್ಕೆ ಹಾರಿದೆ. ಮಾಂಟ್ರಿಯಲ್ ಇರುವ ಕ್ವಿಬೆಕ್ ಪ್ರಾಂತ್ಯದಲ್ಲಿ ಬಾಡಿಗೆ ಕರಾರುಗಳು ಹೆಚ್ಚಾಗಿ ಜೂನ್ 30ಕ್ಕೆ ಮುಗಿಯುತ್ತವೆ. ಜುಲೈ 1ಕ್ಕೆ ಊರಿಗೆ ಊರೇ ಮನೆ ಬದಲಿಸುತ್ತದೆ. 1970ರ ದಶಕಕ್ಕೆ ಮುಂಚೆ ಇದು ಮೇ 1ರಂದು ಇತ್ತು. ಇದೇ ಎಸ್ ಮೆಟ್ಟಿಲಲ್ಲಿ ಫ್ರಿಜ್ ಸಿಕ್ಕಿಕೊಂಡಿರಬೇಕು, ಕೆಳಗೆ ಇಬ್ಬರು, ಮೇಲೆ ಒಬ್ಬ, ಮೂವರೂ ಬೇರೆ ಬೇರೆ ಸಲಹೆ ಕೊಡುತ್ತಿರಬೇಕು. 1:48ರ ಹಳೇ ಕಾಲದ ಫ್ರಿಜ್ ಯಾರ ಹತ್ತಿರವಾದರೂ ಇದ್ದರೆ ಹೇಳಿ. ಬಾಗಿಲು ತೆರೆಯದಿದ್ದರೂ ನಡೆಯುತ್ತದೆ, ಹೇಗೂ ಹಗ್ಗ ಬಿಗಿಯೋದು.