ಎರಡು ಸಲ ಸಮಬಲ: ಮೊಂಟೋಯಾ ಅವರ ರೇಸಿಂಗ್ ಬದುಕು

ಕೊಲಂಬಿಯಾದ ಹುವಾನ್ ಪಾಬ್ಲೊ ಮೊಂಟೋಯಾ ಅವರ ಮಾತು ಬಂದಾಗ, ಫಾರ್ಮುಲಾ ಒನ್ ನೋಡುತ್ತ ಬೆಳೆದ ನಮ್ಮಲ್ಲಿ ಹೆಚ್ಚಿನವರು ‘ಚಾಂಪಿಯನ್ ಆಗಬೇಕಿದ್ದವರು’ ಎಂದು ಮರುಗುತ್ತಾರೆ. ಆ ಮರುಕ ನನಗೆ ಒಪ್ಪಿಗೆಯಿಲ್ಲ. ಅವರ ವೃತ್ತಿಜೀವನದಲ್ಲಿ ಫಾರ್ಮುಲಾ ಒನ್ ಆರು ವರ್ಷವೂ ತುಂಬದ ಒಂದು ಅಧ್ಯಾಯ ಮಾತ್ರ, ಅದೂ ನನ್ನ ದೃಷ್ಟಿಯಲ್ಲಿ ಅತ್ಯಂತ ಕುತೂಹಲಕರವಾದದ್ದೇನಲ್ಲ.

1998ರಲ್ಲಿ, ಫಾರ್ಮುಲಾ ಒನ್‌ಗೆ ಮೆಟ್ಟಿಲಾಗಿದ್ದ ಫಾರ್ಮುಲಾ 3000 ಸರಣಿಯ ಪ್ರಶಸ್ತಿ ಗೆದ್ದು, ವಿಲಿಯಮ್ಸ್ ತಂಡದ ಪರೀಕ್ಷಾ ಚಾಲಕರೂ ಆಗಿದ್ದ ಅವರಿಗೆ ಮರುವರ್ಷ ಆ ತಂಡದಲ್ಲಿ ಸ್ಥಾನ ಸಿಗಲಿಲ್ಲ. ಆ ಸ್ಥಾನ ಅಮೆರಿಕದ ತೆರೆದ ಚಕ್ರದ ಕಾರುಗಳ ಕಾರ್ಟ್ ಸರಣಿಯ ಚಾಂಪಿಯನ್ ಅಲೆಕ್ಸ್ ಜನಾರ್ಡಿ ಅವರಿಗೆ ಹೋಯಿತು. ಜನಾರ್ಡಿ ತೆರವು ಮಾಡಿದ ಚಿಪ್ ಗನಾಸಿ ತಂಡದ ಕಾರು ಮೊಂಟೋಯಾ ಅವರ ಪಾಲಿಗೆ ಬಂತು. 1999ರ ಋತುವಿನ ಕೊನೆಯಲ್ಲಿ ಅವರೂ ಡಾರಿಯೊ ಫ್ರಾಂಕಿಟಿ ಅವರೂ 212 ಅಂಕಗಳೊಂದಿಗೆ ಸಮನಾಗಿ ನಿಂತಾಗ, ಹೆಚ್ಚು ರೇಸ್, ಅಂದರೆ 7, ಗೆದ್ದಿದ್ದ ಮೊಂಟೋಯಾ ಮೊದಲ ಋತುವಿನಲ್ಲೇ ಚಾಂಪಿಯನ್ ಎನಿಸಿದರು. ಮರುವರ್ಷ ಅಮೆರಿಕದ 500 ಮೈಲಿಗಳ ಹೆಸರಾಂತ ರೇಸ್ ಇಂಡಿಯಾನಾಪೊಲಿಸ್ 500ರಲ್ಲಿ (ಇಂಡಿ 500) ಮೊದಲ ಬಾರಿಗೆ ಸ್ಪರ್ಧಿಸಿ, 200 ಸುತ್ತುಗಳ ಪೈಕಿ 167ರಲ್ಲಿ ಮುಂದಿದ್ದು ಗೆದ್ದರು.

2001ರಲ್ಲಿ ವಿಲಿಯಮ್ಸ್ ಅವರನ್ನು ಮರಳಿ ಕರೆಸಿಕೊಂಡಿತು. ತಮ್ಮ ಮೂರನೆಯ ಗ್ರ್ಯಾನ್ ಪ್ರಿಯಲ್ಲೇ, ಬ್ರೆಜಿಲ್‌ನ ಇಂಟರ್‌ಲಾಗೋಸ್‌ನಲ್ಲಿ, ಮೈಕೆಲ್ ಶುಮಾಕರ್ ಅವರ ಒಳಬದಿಗೆ ನುಗ್ಗಿ ಮುನ್ನಡೆ ಕಿತ್ತುಕೊಂಡರು. ಆದರೆ ಒಂದು ಸುತ್ತು ಹಿಂದಿದ್ದ ಯೋಸ್ ವರ್‌ಸ್ಟಾಪನ್ ಹಿಂದಿನಿಂದ ಗುದ್ದಿದ್ದರಿಂದ ಗೆಲುವು ಕೈತಪ್ಪಿತು. ಫಾರ್ಮುಲಾ ಒನ್‌ನಲ್ಲಿ ಅವರದು ಒಟ್ಟು 7 ಗೆಲುವು, 13 ಪೋಲ್ ಪೊಸಿಷನ್ (ಎಲ್ಲರಿಗಿಂತ ಮುಂದೆ ನಿಂತು ರೇಸ್ ಆರಂಭಿಸುವ ಸ್ಥಾನ). 2003ರಲ್ಲಿ ಮೊನಾಕೊ ಗೆದ್ದು ಪ್ರಶಸ್ತಿಯ ಹೊಸ್ತಿಲವರೆಗೂ ಹೋದರೂ ಕೊನೆಗೆ ಮೂರನೆಯ ಸ್ಥಾನಕ್ಕೆ ತೃಪ್ತಿಪಡಬೇಕಾಯಿತು. ಮೆಕ್ಲಾರೆನ್ ಸೇರಿ, 2006ರ ಅಮೆರಿಕನ್ ಗ್ರ್ಯಾನ್ ಪ್ರಿಯಲ್ಲಿ ತಮ್ಮದೇ ತಂಡದ ಕಿಮಿ ರೈಕೊನೆನ್ ಅವರ ಕಾರಿಗೆ ಡಿಕ್ಕಿ ಹೊಡೆದ ಕೆಲವೇ ದಿನಗಳಲ್ಲಿ, ಅಮೆರಿಕದ ಸ್ಟಾಕ್ ಕಾರ್ ರೇಸಿಂಗ್ ಸರಣಿಯಾದ ನ್ಯಾಸ್ಕಾರ್‌ಗೆ ಹೋಗುವುದಾಗಿ ಪ್ರಕಟಿಸಿದರು.

ಅಂದು ಇದನ್ನು ಪಲಾಯನವೆಂದವರೇ ಹೆಚ್ಚು. ಆದರೆ ಚಾಲಕನೂ ಸೇರಿ ಸುಮಾರು 600 ಕಿಲೊ ತೂಗುವ, ರೆಕ್ಕೆಗಳ ಒತ್ತಡದಿಂದ ರಸ್ತೆಗೆ ಅಂಟಿಕೊಳ್ಳುವ ಕಾರನ್ನು ಬಿಟ್ಟು, ಒಂದೂವರೆ ಟನ್ ಮೀರಿದ, ಕಾರ್ಬ್ಯುರೇಟರ್ ಎಂಜಿನ್ನಿನ, ತಿರುವಿನಲ್ಲಿ ಮದವೇರಿದ ಆನೆಯಂತೆ ಎಳೆದಾಡುವ ಕಾರನ್ನು ಮೂವತ್ತು ದಾಟಿದ ಮೇಲೆ ಹೊಸದಾಗಿ ಕಲಿಯಲು ಹೊರಡುವುದು ಸುಲಭದ ದಾರಿಯೇನಲ್ಲ. 2007ರಲ್ಲಿ ಸೊನೊಮಾದಲ್ಲಿ 32ನೆಯ ಸ್ಥಾನದಿಂದ ಹೊರಟು ಗೆದ್ದರು. 2010ರಲ್ಲಿ ವಾಟ್ಕಿನ್ಸ್ ಗ್ಲೆನ್ ಗೆದ್ದರು. ಇವೆರಡೂ ಎಡಬಲ ತಿರುವುಗಳಿರುವ ರೋಡ್ ಕೋರ್ಸ್‌ಗಳೆಂಬುದನ್ನು ಮರೆಯಬಾರದು. ಅಂಡಾಕಾರದ ಟ್ರ್ಯಾಕ್‌ನಲ್ಲಿ, ನ್ಯಾಸ್ಕಾರ್‌ನ ಉನ್ನತ ದರ್ಜೆಯಲ್ಲಿ ಅವರಿಗೆ ಒಂದು ಗೆಲುವೂ ದಕ್ಕಲಿಲ್ಲ. 2009ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ 160 ಸುತ್ತುಗಳ ಪೈಕಿ 116ರಲ್ಲಿ ಮುಂದಿದ್ದರೂ, ಇಂಧನ, ಟೈರ್‌ಗಾಗಿ ಕಾರುಗಳು ಬಂದು ಹೋಗುವ ಪಿಟ್ ಲೇನ್‌ನ ವೇಗಮಿತಿ ಮೀರಿದ್ದಕ್ಕೆ ಬಿದ್ದ ದಂಡದಿಂದ 11ನೆಯವರಾದರು. ದುರದೃಷ್ಟವಶಾತ್, ಇಂದು ಅಂತರ್ಜಾಲದಲ್ಲಿ ಹೆಚ್ಚು ಓಡಾಡುವುದು 2012ರ ಡೇಟೋನಾದಲ್ಲಿ ಅವರ ಕಾರು ಟ್ರ್ಯಾಕ್ ಒಣಗಿಸುವ ಜೆಟ್ ಎಂಜಿನ್ ವಾಹನಕ್ಕೆ ಡಿಕ್ಕಿ ಹೊಡೆದು ಬೆಂಕಿಯೆದ್ದ ದೃಶ್ಯವೇ.

2014ರಲ್ಲಿ ಪೆನ್ಸ್‌ಕಿ ತಂಡದ ಮೂಲಕ, ಕಾರ್ಟ್‌ನಂತೆಯೇ ತೆರೆದ ಚಕ್ರದ ಕಾರುಗಳ ಸರಣಿಯಾದ ಇಂಡಿಕಾರ್‌ಗೆ ಮರಳಿದಾಗ ಅವರಿಗೆ 38 ವರ್ಷ. ಮರುವರ್ಷದ ಇಂಡಿ 500ರ ಆರಂಭದಲ್ಲೇ ಹಿಂದಿನ ಕಾರು ತಾಗಿ ಅವರ ಕಾರಿನ ಹಿಂಭಾಗ ಜಖಂಗೊಂಡಿತು. ಅದನ್ನು ಸರಿಪಡಿಸಿಕೊಂಡು, 30ನೆಯ ಸ್ಥಾನದಿಂದ ಒಂದೊಂದಾಗಿ ಕಾರುಗಳನ್ನು ದಾಟಿ, ವಿಲ್ ಪವರ್ ಅವರನ್ನು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಅಂತರದಲ್ಲಿ ಹಿಂದಿಕ್ಕಿ, ಮೊದಲ ಗೆಲುವಿನ 15 ವರ್ಷಗಳ ಬಳಿಕ ಎರಡನೆಯ ಬಾರಿ ಗೆದ್ದರು. ಇಪ್ಪತ್ತೈದರ ಹರೆಯದ ಮೊಂಟೋಯಾ ಇಷ್ಟು ಕಾದಿರುತ್ತಿದ್ದರೆಂದು ನನಗನ್ನಿಸುವುದಿಲ್ಲ. ಋತುವಿನುದ್ದಕ್ಕೂ ಅಂಕಪಟ್ಟಿಯ ಮೇಲ್ತುದಿಯಲ್ಲಿದ್ದ ಅವರನ್ನು ಕೊನೆಯ ರೇಸ್‌ನಲ್ಲಿ ಸ್ಕಾಟ್ ಡಿಕ್ಸನ್ 556 ಅಂಕಗಳೊಂದಿಗೆ ಸರಿಗಟ್ಟಿದರು. ಡಿಕ್ಸನ್ 3 ರೇಸ್ ಗೆದ್ದಿದ್ದರು, ಮೊಂಟೋಯಾ 2. 1999ರಲ್ಲಿ ಪ್ರಶಸ್ತಿ ಕೊಡಿಸಿದ್ದ ಲೆಕ್ಕಾಚಾರವೇ ಈ ಸಲ ಅದನ್ನು ಕಸಿದುಕೊಂಡಿತು.

ಗಂಟೆಗಟ್ಟಲೆ ನಡೆಯುವ ಸಹಿಷ್ಣುತಾ ರೇಸಿಂಗ್‌ನಲ್ಲಿ ಡೇಟೋನಾ 24 ಗಂಟೆಯನ್ನು ಅವರು ಈಗಾಗಲೇ 3 ಬಾರಿ ಗೆದ್ದಿದ್ದರು. 2019ರಲ್ಲಿ ಡೇನ್ ಕ್ಯಾಮೆರಾನ್ ಅವರೊಂದಿಗೆ ಅಕ್ಯುರಾ ಕಾರಿನಲ್ಲಿ, ಅಮೆರಿಕದ ಸಹಿಷ್ಣುತಾ ರೇಸ್‌ಗಳ ಇಮ್ಸಾ ಸರಣಿಯ ಚಾಂಪಿಯನ್ ಆದರು. 2021ರಲ್ಲಿ ಫ್ರಾನ್ಸ್‌ನ 24 ಗಂಟೆಗಳ ರೇಸ್ ಲೆ ಮಾನ್ಸ್‌ನಲ್ಲಿ ಎಲ್‌ಎಂಪಿ2 ಪ್ರೊ-ಆಮ್ (ಎರಡನೆಯ ದರ್ಜೆಯ ಕಾರುಗಳನ್ನು ವೃತ್ತಿಪರರೂ ಹವ್ಯಾಸಿಗಳೂ ಒಂದೇ ತಂಡದಲ್ಲಿ ಓಡಿಸುವ) ವಿಭಾಗವನ್ನು ಗೆದ್ದರು. ಮೊನಾಕೊ, ಇಂಡಿ 500, ಲೆ ಮಾನ್ಸ್ ಮೂರನ್ನೂ ಗೆದ್ದವರು ಗ್ರಹಾಂ ಹಿಲ್ ಒಬ್ಬರೇ. ಮೊಂಟೋಯಾ ಅವರಿಗೆ ಆ ಪಟ್ಟಿಯಲ್ಲಿ ಬಾಕಿ ಉಳಿದಿರುವುದು ಲೆ ಮಾನ್ಸ್‌ನ ಒಟ್ಟಾರೆ ಗೆಲುವು ಮಾತ್ರ.