ಹೊರಗಿನಿಂದ ಬಂದವರೇ ಕಾಯಿಲೆ ತರ್ತಾರಾ?

ಕಾಫಿ ಕೊಯ್ಲು ಶುರುವಾಗುವ ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಮೊನ್ನೆ ವಿರಾಜಪೇಟೆಯ ಒಂದು ಮದುವೆಯಲ್ಲಿ ಪರಿಚಯದ ತೋಟದ ಮಾಲೀಕರು ಕೇಳಿದರು. "ಮೇಡಂ, ಅಸ್ಸಾಂ, ಬಂಗಾಳದಿಂದ ಇಷ್ಟು ಜನ ಬರ್ತಾರೆ. ಸೂಜಿ ಚುಚ್ಚಿಕೊಳ್ಳೋ ಚಟ, ಎಚ್‌ಐವಿ ಎಲ್ಲ ಅವರೇ ತರೋದು ಅಲ್ವಾ? ಟೆಸ್ಟ್ ಮಾಡಿಸಿಯೇ ಕೆಲಸಕ್ಕೆ ತಗೊಂಡ್ರೆ ಹೇಗೆ?"

ನಾನು ಬಹಳ ವರ್ಷ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡಿದವಳು. ತೋಟದ ಕೆಲಸಗಾರರು ಸಾಲಾಗಿ ವಾಸಿಸುವ, ನನಗೆ ಗೊತ್ತಿರುವ ಲೈನ್ ಮನೆಗಳಲ್ಲಿ ಬಹುತೇಕರು ದುಡಿದು ಮನೆಗೆ ದುಡ್ಡು ಕಳಿಸುವವರು, ಸಿರಿಂಜ್ ಮುಟ್ಟಿದವರಲ್ಲ. ಆದರೆ ಪ್ರಶ್ನೆಯೊಳಗೆ ಒಂದು ನಿಜ ಇದೆ. ಸೂಜಿಯಿಂದ ಡ್ರಗ್ಸ್ ಚುಚ್ಚಿಕೊಳ್ಳುವ ಚಟ ಇರುವವನು ಊರು ಬದಲಿಸಿದರೆ ಅಪಾಯ ಜಾಸ್ತಿಯಾಗುತ್ತದೆ. ಮೊದಲ ಅಪಾಯ ಅವನಿಗೇ.

ಸ್ವಂತ ಊರಲ್ಲಿ ಯಾವ ಮೆಡಿಕಲ್ ಶಾಪ್‌ನಲ್ಲಿ ಹೊಸ ಸಿರಿಂಜ್ ಕೊಡುತ್ತಾರೆ ಅಂತ ಅವನಿಗೆ ಗೊತ್ತು. ಕೆಲವು ಕಡೆ ಸರ್ಕಾರದ ಕಾರ್ಯಕ್ರಮದಲ್ಲೇ ಸೂಜಿ ಉಚಿತವಾಗಿ ಸಿಗುತ್ತದೆ. ಚಟ ಹಿಡಿತಕ್ಕೆ ಬರಲಿ ಅಂತ ಬುಪ್ರೆನಾರ್ಫಿನ್ ಮಾತ್ರೆಯನ್ನೂ ಕೊಡುತ್ತಾರೆ. ಬಸ್ಸು ಹತ್ತಿದ ದಿನ ಇದೆಲ್ಲ ಹಿಂದೆ ಉಳಿಯುತ್ತದೆ. ಹೊಸ ಊರಲ್ಲಿ ಭಾಷೆ ಬರುವುದಿಲ್ಲ, ಪೊಲೀಸರ ಭಯ. ಡ್ರಗ್ಸ್ ಸಿಗದೆ ಮೈಕೈ ನೋವು, ವಾಂತಿ ಶುರುವಾದಾಗ ಪಕ್ಕದಲ್ಲಿದ್ದವನು ಬಳಸಿದ ಸಿರಿಂಜ್ ಕೊಟ್ಟರೆ ಬೇಡ ಅನ್ನುವ ಶಕ್ತಿ ಇರುವುದಿಲ್ಲ.

ಕಾಯಿಲೆ ಅಂಟಲು ಆ ಸಿರಿಂಜಿನಲ್ಲಿ ಉಳಿದ ಒಂದು ಹನಿ ರಕ್ತ ಸಾಕು. ಎಚ್‌ಐವಿ ಬಗ್ಗೆ ಎಲ್ಲರಿಗೂ ಗೊತ್ತು. ಲಿವರ್‌ಗೆ ಬರುವ ಹೆಪಟೈಟಿಸ್ ಸಿ ಸೋಂಕಿನ ಬಗ್ಗೆ ಗೊತ್ತಿರುವವರು ಕಡಿಮೆ. ಅದರ ವೈರಸ್ ಸಿರಿಂಜಿನೊಳಗೆ ವಾರಗಟ್ಟಲೆ ಬದುಕಿರಬಲ್ಲದು. ಹಂಚಿಕೊಂಡ ಚಮಚ, ಹತ್ತಿ, ನೀರಿನಿಂದಲೂ ಹರಡಬಹುದು. ಮಣಿಪುರದಲ್ಲಿ 1989ರ ನಂತರ ಏನಾಯಿತು ನೋಡಿ. ಡ್ರಗ್ಸ್ ಚುಚ್ಚಿಕೊಳ್ಳುವವರಲ್ಲಿ ಇಲ್ಲವೇ ಇಲ್ಲ ಅನ್ನುವಂತಿದ್ದ ಎಚ್‌ಐವಿ, ಒಂದು ವರ್ಷ ಕಳೆಯುವುದರೊಳಗೆ ಪರೀಕ್ಷೆಗೆ ಬಂದವರಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಕಂಡಿತು. ಅಷ್ಟು ವೇಗವಾಗಿ ಹರಡಿದ್ದು ಒಂದೇ ಸೂಜಿ ಕೈಯಿಂದ ಕೈಗೆ ಹೋದದ್ದರಿಂದ.

ಇನ್ನೊಂದು ಮಾತು ಆ ಮಾಲೀಕರಿಗೆ ಹೇಳಲೇಬೇಕಿತ್ತು. ಕೆಲಸ ಹುಡುಕಿ ಬೆಂಗಳೂರಿಗೆ ಹೋದ ನಮ್ಮ ಕೊಡಗಿನ ಮಕ್ಕಳೂ ಅಲ್ಲಿ ಹೊರಗಿನವರೇ. ನನಗೆ ಗೊತ್ತಿರುವ ಒಬ್ಬ ಹುಡುಗ ಊರಲ್ಲಿದ್ದಾಗ ಸೂಜಿ ಕಂಡವನೇ ಅಲ್ಲ. ಬೆಂಗಳೂರಿನ ಬಾಡಿಗೆ ರೂಮಿನಲ್ಲಿ ಮೂವರು, ಸಿರಿಂಜ್ ಒಂದು. ಹುತ್ತರಿ ಹಬ್ಬಕ್ಕೆ ಊರಿಗೆ ಬಂದಾಗ ಕಣ್ಣು ಹಳದಿಯಾಗಿತ್ತು. ಅವನ ತಾಯಿ ನನ್ನ ಕೈ ಹಿಡಿದು, "ಮಡಿಕೇರಿಯಲ್ಲಿ ಬೇಡ ಅಕ್ಕ, ಯಾರಾದ್ರೂ ನೋಡ್ತಾರೆ" ಅಂದರು. ಮೈಸೂರಿಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದೆವು. ಹೆಪಟೈಟಿಸ್ ಸಿ. 12 ವಾರ ಮಾತ್ರೆ ನುಂಗಿದ, ವಾಸಿಯಾಯಿತು. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಈ ಚಿಕಿತ್ಸೆ ಉಚಿತ. ಆದರೆ ಇದಕ್ಕೆ ಲಸಿಕೆ ಇಲ್ಲ. ಮತ್ತೆ ಸೂಜಿ ಹಂಚಿಕೊಂಡರೆ ಮತ್ತೆ ಬರಬಹುದು.

ಟೆಸ್ಟ್ ಮಾಡಿಸಿ ಕೆಲಸ ಕೊಡುವ ವಿಚಾರ? 2017ರ ಎಚ್‌ಐವಿ ಕಾಯ್ದೆ ಅದನ್ನು ಒಪ್ಪುವುದಿಲ್ಲ. ಕೆಲಸಕ್ಕೆ ಸೇರಲು ಎಚ್‌ಐವಿ ಪರೀಕ್ಷೆಯ ಷರತ್ತು ಹಾಕುವಂತಿಲ್ಲ. ಕಾನೂನು ಬಿಡಿ, ಹಾಗೆ ಮಾಡಿದರೆ ಹೆದರಿದವನು ಇನ್ನೂ ಬಚ್ಚಿಟ್ಟುಕೊಳ್ಳುತ್ತಾನೆ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ಪರೀಕ್ಷೆ ಉಚಿತ, ಗುಟ್ಟಾಗಿಯೇ ಇಡುತ್ತಾರೆ. ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ ಹೆಸರು ಹೇಳದೆಯೂ ಕೇಳಬಹುದು. ಆ ನಂಬರ್ ಲೈನ್ ಮನೆ ಗೋಡೆ ಮೇಲೆ ಹಿಂದಿ, ಬಂಗಾಳಿಯಲ್ಲಿ ಬರೆಸಿ ಅಂತ ಅವರಿಗೆ ಹೇಳಿದೆ.

ಎಚ್‌ಐವಿ ಹಿಡಿತದಲ್ಲಿಡುವ ಎಆರ್‌ಟಿ ಮಾತ್ರೆ ತೆಗೆದುಕೊಳ್ಳುವವರು ಊರು ಬಿಡುವ ಮುಂಚೆ ತಮ್ಮ ಕೇಂದ್ರದಲ್ಲಿ ಹೇಳಿದರೆ ಚಿಕಿತ್ಸೆಯನ್ನು ಬೇರೆ ಊರಿಗೆ ವರ್ಗಾಯಿಸಿಕೊಡುತ್ತಾರೆ. ಆದರೆ ಮಾತ್ರೆ ತರಲು ಒಂದು ದಿನ ಬೇಕು. ಕೊಯ್ಲಿನ ನಡುವೆ ಯಾರಾದರೂ ಆಸ್ಪತ್ರೆಗೆ ಹೋಗಬೇಕು ಅಂತ ರಜೆ ಕೇಳಿದರೆ, ಯಾಕೆ ಏನು ಅಂತ ಕೆದಕದೆ, ಕೂಲಿ ಹಿಡಿಯದೆ ಕಳಿಸಿಕೊಡಿ ಅಂದೆ.